ಸೂಜಿ ಒಲ್ಲದ ಅರಿವಿ

ಬೆಟಗೇರಿಯೊಳಗ ಮಗ್ಗದ ಸಪ್ಪಳ ನಿಂತು
ದೀಪ ಹಚ್ಚೂ ಹೊತ್ತಿಗೆ ಶೈಲಾ ಸೊರಟೂರ ಅಂಗಡಿಗೆ ಬಂದ್ಲು.
ಪಿಗ್ಮಿ ಕೇಳಾಕಲ್ಲ. ಅವತ್ತಿನ ಇಪ್ಪತ್ತು ಮುಂಜಾನೆನ ಕೊಟ್ಟಿದ್ದೆ.
ಬಾಗಿಲ ಅರ್ಧ ಮುಂದ ಮಾಡಿ, ಕೊರಿಯರ್ ಪೊಟ್ಟಣ ಬಿಚ್ಚಿ,
"ಇದಕ್ಕ ಮ್ಯಾಲೊಂದು ಅರಿವಿ ಹೊಲದು ಕೊಡ ಅಕ್ಕಾ,
ಸೀರಿ ಒಳಗ ಗೊತ್ತಾಗಬಾರದು" ಅಂದ್ಲು.

ಕರೇ ಬನಿಯನ್ನಿನಂಥಾದ್ದು. ತೋಳಿಲ್ಲ. ಎತ್ತಿದ್ರ
ಎರಡು ಕಿಲೋ ಜೋಳದ ಹಿಟ್ಟು ಹಿಡದಂಗ.
ಚಾಕು ತಡೀತೈತಂತ. ಗುಂಡಿಂದು ಬ್ಯಾರೆ, ಅದರ ರೇಟೂ ಬ್ಯಾರೆ.
"ಹತ್ತು ಇಪ್ಪತ್ತು ಕೂಡಿಸೋ ನನ್ನ ಮ್ಯಾಲ
ಗುಂಡು ಯಾರು ಖರ್ಚು ಮಾಡ್ತಾರ?" ಅಂತ ತಾನ ನಕ್ಕಳು.

ಹೋದ ಶ್ರಾವಣದಾಗ, ಹಾತಲಗೇರಿ ನಾಕಾದ ಕತ್ತಲಾಗ
ಅಕಿ ಜೋಡಿ ಕೆಲಸದ ಯಮನೂರಪ್ಪಗ ಹಾಕಿದ್ರಲ್ಲ,
ನಾಕು ಸಾವಿರದ ಆರುನೂರಾ ಮೂವತ್ತಕ್ಕ.
ಉಳಕೊಂಡ. ಈಗ ಸೊಸೈಟಿಯೊಳಗ ಕುಂತು ಶಿಕ್ಕಾ ಒತ್ತತಾನ,
ನಕ್ಕರ ಹೊಲಿಗಿ ಜಗ್ಗತೈತಿ ಅಂತಾನ.
ಅವನ ಓಣಿಗೋಳು ಈಕಿ ಪಾಲಿಗೆ ಬಂದಾವು.

ನಾ ಮಷಿನ್ ತುಳಿಯಾಕ ಹತ್ತಿ ಮೂವತ್ತೊಂಬತ್ತು ವರ್ಷ.
ಖಣ, ಇಳಕಲ್ಲ ಸೀರಿ, ಟೆರಿಕಾಟು, ಸತ್ತವರ ಧೋತರ,
ಕೌದಿಗೆ ಏಳು ಪದರ ಹಾಕಿದಾಗೂ
ಸೂಜಿಗೆ ಒಲ್ಲೆ ಅಂದ ಅರಿವಿ ಕಂಡಾಕಿ ಅಲ್ಲ.
ಅರಿವಿ ಅಂದ್ರನ ಅದು,
ತೂತು ಬೀಳಾಕ ಒಪ್ಪಿಕೊಂಡದ್ದು.
ಇದು ಒಪ್ಪಲಿಲ್ಲ.
ಹದಿನೆಂಟು ನಂಬರಿನ ಸೂಜಿ ಟಕ್ ಅಂತು,
ತುದಿ ಎಲ್ಲಿ ಹಾರಿತೋ, ಕಸಬರಿಗಿಗೂ ಸಿಕ್ಕಿಲ್ಲ.
ನಮ್ಮ ಅಂಗಡ್ಯಾಗ ಚಪ್ಪಲಿ ಬಿಡಬ್ಯಾಡ್ರಿ ಈಗ.

ಪರದೆ ಹಿಂದ ಅಕಿ ಅದನ್ನ ಹಾಕ್ಕೊಂಡು ನಿಂತ್ಲು.
ಗಂಡಸಿನ ಎದಿಗೆ ಕತ್ತರಿಸಿದ್ದು. ಡಾಟ್ ಇಲ್ಲ.
ಮುಂದ ಎತ್ತಿ ನಿಂತು, ಎಡಬಗಲಾಗ
ನಾಕು ಬೆರಳು ಬರೇ ಮೈ.
ಟೇಪು ಹಿಡದ ನನ್ನ ಕೈಗೆ ಅಲ್ಲೇ ಬಡೀತಿತ್ತು, ಟುಕು ಟುಕು.
ಬಾಯಿಗೆ ಬಂದದ್ದು ರೂಢಿ ಮಾತು: "ಫಿಟ್ಟಿಂಗೋ, ಲೂಜೋ?"
"ದಿನಾ ಎಷ್ಟು ಮೆಟ್ಟಲ ಏರಬೇಕು ಅಕ್ಕಾ,
ಉಸಿರು ಹಿಡಿಯೂವಷ್ಟು ಬಿಡು."

ಗುಳೇದಗುಡ್ಡ ಖಣದ ತುಂಡು ಕೂಡಿಸಿ ಗವಸಣಿಗಿ ಹೊಲದೆ,
ಬೆವರು ಹೀರಾಕ ಒಳಗ ಮಲ್ ಬಟ್ಟಿ.
ಆ ನಾಕು ಬೆರಳಿಗೆ ನಮ್ಮವ್ವನ ಪತ್ತಲ ಮಡಚಿ ಮಡಚಿ
ಕೌದಿ ಟಾಕಿ ಹಾಕಿದೆ, ಅಕ್ಕಿಕಾಳಿನಷ್ಟು ಸಣ್ಣವು.
ಕೊಡುವಾಗ ಹೇಳೇನಿ, ಮುಚ್ಚಿಟ್ಟಿಲ್ಲ:
"ಇಲ್ಲಿ ಬರೇ ಅರಿವಿ, ಶೈಲಾ. ಇದು ತಡಿಯೂದಿಲ್ಲ."
"ಹಂಗಾರ ಬೋರ್ಡ್ ಬರದು ಹಚ್ಚು,
ಇಲ್ಲಿ ಚುಚ್ಚಬಾರದು ಅಂತ."
ಕೂಲಿ ನೂರಾ ಎಂಬತ್ತು ಎಣಿಸಿದ್ಲು,
ಅದರಾಗಿಂದ ಇಪ್ಪತ್ತು ಅಲ್ಲೇ ತಿರಗಿ ಇಸಕೊಂಡು
ಮಷಿನಿಂದ ಚೀಟಿ ಹರದು ಕೊಟ್ಲು.

ಎಂಟು ದಿನ ಯಾರಿಗೂ ಗೊತ್ತಾಗಲಿಲ್ಲ.
ಟಾಂಗಾಕೂಟದ ಹೂವಿನ ಮಾಬೂಬಿ ಒಬ್ಬಾಕಿ,
ಹತ್ತು ರೂಪಾಯಿ ಕೊಟ್ಟು, ಬೆನ್ನಿಗೊಂದು ಬಡದು
"ನಡಿ ಸಾವ್ಕಾರ್ತಿ" ಅಂತ ಕಳಸೂದು ಅಕಿ ಪದ್ಧತಿ,
ಬಡದ್ಲಂತ. ಕದ ಬಡದಂಗಾತಂತ.
ಕೈ ಅಲ್ಲೇ ಇಟ್ಟು ನಿಂತ್ಲಂತ, ಮಾತಿಲ್ಲ.
ಮರುದಿನದಿಂದ ರೊಕ್ಕ ಬುಟ್ಟಿ ಅಂಚಿಗೆ ಇಟ್ಟು
"ತಗೊ, ಬೆಳಕಿದ್ದಾಗನ ಮನಿ ಮುಟ್ಟು" ಅಂತಾಳ.
ತಾ ಮುಟ್ಟೂದಿಲ್ಲ.

"ಅದ ಒಂದು ಬ್ಯಾಸರ ನೋಡ" ಅಂದ್ಲು ಶೈಲಾ ನಿನ್ನೆ,
ನನ್ನ ಬಾಗಿಲಾಗ ನಿಂತು. ಕುಂದ್ರು ಅಂದ್ರ ಕುಂದ್ರೂದಿಲ್ಲ,
ಬಗ್ಗಿದ್ರ ಅದು ಗದ್ದಕ್ಕ ಬಂದು ಒತ್ತತೈತಿ.
ಐದರ ನಾಣ್ಯ ಒಂದು ಜಾರಿ ಹೊಸ್ತಿಲ ಹೊರಗ ಉರುಳಿತು.
ನಾ ಎದ್ದು ಹುಡುಕಿ ಕೊಟ್ಟೆ.
ಅಷ್ಟೂ ಹೊತ್ತು ಅಕಿ ಎಡಗೈ, ಅಕಿಗೇ ಗೊತ್ತಿಲ್ಲದಂಗ,
ಬಗಲಿಗೆ ಒತ್ತಿಕೊಂಡ ಇತ್ತು,
ನಮ್ಮವ್ವನ ಪತ್ತಲ ಇದ್ದ ಕಡೆ.